ಛೂ ಎಂದಷ್ಟು ಸುಲಭವಲ್ಲ, ಬಾ ಎನ್ನುವುದು: ಬೇಟೆನಾಯಿಗೆ ಕರೆ ಕಲಿಸುವ ಬಗೆ

ನಾಯಿಯನ್ನು ಅಟ್ಟುವುದಕ್ಕೆ ಕನ್ನಡದಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ಮಾತಿದೆ: ಛೂ. ರಾಜಕೀಯದ ಸುದ್ದಿಯಲ್ಲಿ ಕೂಡ ಒಬ್ಬರ ಮೇಲೆ ಇನ್ನೊಬ್ಬರನ್ನು ಛೂ ಬಿಟ್ಟ ಆರೋಪಗಳು ಆಗಾಗ ಕೇಳಿಬರುತ್ತವೆ. ಆದರೆ ಅಟ್ಟಿದ ನಾಯಿಯನ್ನು ಹಿಂದಕ್ಕೆ ಕರೆಯುವುದಕ್ಕೆ ಅಂಥ ಸರ್ವಸಮ್ಮತವಾದ ಮಾತೊಂದು ನಮ್ಮಲ್ಲಿ ನೆಲೆಗೊಂಡಂತಿಲ್ಲ. ಒಬ್ಬರು ಹೆಸರು ಹಿಡಿದು ಕೂಗುತ್ತಾರೆ, ಒಬ್ಬರು ನಾಲಗೆಯಲ್ಲಿ ಚ್ ಚ್ ಎನ್ನುತ್ತಾರೆ, ಇನ್ನೊಬ್ಬರು ತೊಡೆ ತಟ್ಟುತ್ತಾರೆ, ಕೊನೆಗೆ ಎಲ್ಲರೂ ಬೈಯುತ್ತಾರೆ. ಮನೆ ಕಾಯುವ ಸಾಧಾರಣ ನಾಯಿಯ ಮಟ್ಟಿಗೆ ಇದು ನಡೆದುಹೋಗುತ್ತದೆ. ಬೇಟೆಯ ರಕ್ತವಿರುವ ನಾಯಿಯ ಮಟ್ಟಿಗೆ, ಅಂದರೆ ಮುಧೋಳ, ರಾಜಪಾಳ್ಯಂ, ಗ್ರೇಹೌಂಡ್, ಬೀಗಲ್ ಮುಂತಾದ ತಳಿಗಳ ಮಟ್ಟಿಗೆ, ಇದು ನಡೆಯುವುದಿಲ್ಲ.

ನಮ್ಮ ಮನೆಯ ಮುಧೋಳದ ಹೆಣ್ಣು ನಾಯಿ ಹೊನ್ನಿಗೆ ಆಗ ಹನ್ನೊಂದು ತಿಂಗಳು. ಜೋಳ ಕೊಯ್ದ ಹೊಲದಲ್ಲಿ ಕೂಳೆ ಮಾತ್ರ ಉಳಿದಿದ್ದ ಒಂದು ಮುಂಜಾನೆ ಅದನ್ನು ಹಗ್ಗವಿಲ್ಲದೆ ಬಿಟ್ಟಿದ್ದೆ. ಅಂಗಳದಲ್ಲಿ ಕರೆದರೆ ಊಟ ಬಿಟ್ಟು ಬರುತ್ತಿದ್ದ ನಾಯಿ ಎಂಬ ಧೈರ್ಯ ನನ್ನದು. ಬದುವಿನ ಹುಲ್ಲಿನಿಂದ ಮೊಲವೊಂದು ಎದ್ದಿತು. ಹೊನ್ನಿಯ ತೆರೆದಿದ್ದ ಬಾಯಿ ಮುಚ್ಚಿತು, ಮಡಚಿದ್ದ ಕಿವಿ ಬುಡದಿಂದ ಎದ್ದಿತು, ಮೈಭಾರವೆಲ್ಲ ಮುಂಗಾಲಿಗೆ ಬಂತು. ಇದಿಷ್ಟನ್ನೂ ನಾನು ನೋಡಿದೆ, ಅದರ ಅರ್ಥ ಮಾತ್ರ ನನಗೆ ಆಗಲಿಲ್ಲ. ‘ಹೊನ್ನಿ, ಬಾರೇ’ ಎಂದು ಕೂಗುವ ಹೊತ್ತಿಗೆ ಅದು ಎರಡನೆಯ ಹೊಲದಲ್ಲಿತ್ತು. ನಾಲ್ಕು ಬಾರಿ ಕೂಗಿದೆ, ಐದನೆಯ ಬಾರಿ ಗದರಿದೆ. ನಲವತ್ತು ನಿಮಿಷದ ಮೇಲೆ, ನಾಲಗೆ ಹೊರಗೆ ಹಾಕಿ, ಒಂದು ಕಾಲಿಗೆ ಮುಳ್ಳು ಚುಚ್ಚಿಸಿಕೊಂಡು ಅದು ಹಿಂದಿರುಗಿತು.

ಆ ಮುಂಜಾನೆಯ ತಪ್ಪು ನಾಯಿಯದಲ್ಲ. ನಾನು ಕರೆದದ್ದು ತಡವಾಯಿತು. ಎಷ್ಟು ತಡ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಓಡುವ ತಳಿಯ ನಾಯಿಯ ವೇಗವನ್ನು ಗಂಟೆಗೆ 50 ಕಿಲೋಮೀಟರ್ ಎಂದು ಹಿಡಿದರೂ ಅದು ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ. ಗ್ರೇಹೌಂಡ್ ಇದಕ್ಕಿಂತಲೂ ವೇಗವಾಗಿ ಓಡಬಲ್ಲದು. ಕಂಡದ್ದನ್ನು ಅರ್ಥಮಾಡಿಕೊಳ್ಳಲು ನನಗೆ ಒಂದು ಸೆಕೆಂಡು, ಬಾಯಿ ತೆರೆದು ಕೂಗಲು ಇನ್ನೊಂದು ಸೆಕೆಂಡು ಬೇಕಾದರೆ, ಕರೆ ಹೊರಡುವಷ್ಟರಲ್ಲಿ ನಾಯಿ ಇಪ್ಪತ್ತೈದು ಮೀಟರ್ ಆಚೆಗಿರುತ್ತದೆ. ಅಷ್ಟೇ ಅಲ್ಲ, ಆ ಎರಡು ಸೆಕೆಂಡಿನಲ್ಲಿ ಅದು ಬೇರೆಯೇ ಸ್ಥಿತಿಯ ಪ್ರಾಣಿಯಾಗಿರುತ್ತದೆ. ನಾಯಿ ಪಳಗಿಸುವವರು ‘ರಿಕಾಲ್’ ಎಂದು ಕರೆಯುವ ಈ ಕಲಿಕೆಯ ಗುಟ್ಟೆಲ್ಲ ಓಟ ಶುರುವಾಗುವ ಮುನ್ನಿನ ಆ ಅರೆಗಳಿಗೆಯಲ್ಲಿದೆ ಎಂಬುದು ನನಗೆ ಮನವರಿಕೆಯಾಗಿರುವ ಸಂಗತಿ. ಮುಂದೆ ಹೇಳುವುದೆಲ್ಲ ಆ ಅರೆಗಳಿಗೆಯನ್ನು ಹಿಡಿಯುವ ಸಿದ್ಧತೆಯ ಬಗ್ಗೆ.

ಬೇಟೆನಾಯಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮುಧೋಳ, ಗ್ರೇಹೌಂಡ್, ಸಲೂಕಿಗಳು ಕಣ್ಣಿನಿಂದ ಬೇಟೆಯಾಡುವ ನಾಯಿಗಳು. ಬೀಗಲ್, ಬ್ಯಾಸೆಟ್, ಬ್ಲಡ್‌ಹೌಂಡ್‌ಗಳು ಮೂಗಿನಿಂದ ಬೇಟೆಯಾಡುವವು. ಮುಧೋಳದ ಉದ್ದನೆಯ ಕಿರಿದಾದ ತಲೆ, ಆಳವಾದ ಎದೆ, ಒಳಕ್ಕೆ ಸರಿದ ಹೊಟ್ಟೆ, ಬಿಲ್ಲಿನಂತೆ ಬಾಗುವ ಬೆನ್ನು, ಇವೆಲ್ಲ ಬಯಲು ನೆಲದಲ್ಲಿ ಕಣ್ಣಿಗೆ ಬಿದ್ದದ್ದನ್ನು ಓಡಿ ಹಿಡಿಯುವುದಕ್ಕಾಗಿ ರೂಪುಗೊಂಡ ಅಂಗಗಳು. ಉದ್ದ ಮೂತಿಯ ನಾಯಿಗಳ ಕಣ್ಣಿನೊಳಗೆ ನರಕೋಶಗಳು ಅಡ್ಡಲಾಗಿ ಒಂದು ಪಟ್ಟಿಯಂತೆ ಸಾಂದ್ರವಾಗಿರುತ್ತವೆ, ಮೊಂಡು ಮೂತಿಯ ನಾಯಿಗಳಲ್ಲಿ ಅವು ನಡುವೆ ಒಂದೆಡೆ ಗುಂಪಾಗಿರುತ್ತವೆ ಎಂಬುದನ್ನು ಸಿಡ್ನಿಯ ಸಂಶೋಧಕರು 2004ರಲ್ಲಿ ಪ್ರಕಟಿಸಿದರು. ದಿಗಂತದ ಉದ್ದಕ್ಕೂ ಎಲ್ಲಿ ಏನು ಕದಲಿದರೂ ಮುಧೋಳಕ್ಕೆ ಕಾಣುವುದರ ಹಿಂದೆ ಇಂಥ ಕಣ್ಣಿನ ರಚನೆಯಿದೆ. ನಾವು ಪಕ್ಕದಲ್ಲೇ ನಿಂತು ಏನೂ ಕಾಣದೆ ಮಿಕಮಿಕ ನೋಡುತ್ತಿರುವಾಗ ಅದು ಆಗಲೇ ಮುನ್ನೂರು ಮೀಟರ್ ದೂರದ ಬದುವಿನ ಮೇಲೆ ಕಣ್ಣು ನೆಟ್ಟಿರುತ್ತದೆ.

ಮೂಗಿನ ನಾಯಿಯ ಕಥೆ ಬೇರೆ. ಅದು ಥಟ್ಟನೆ ಸಿಡಿಯುವುದಿಲ್ಲ, ನಿಧಾನವಾಗಿ ಮುಳುಗುತ್ತದೆ. ನೆಲಕ್ಕೆ ಮೂಗು ಹಚ್ಚಿ ಹೊರಟ ಬೀಗಲ್ ಮೊದಲ ಹತ್ತು ಹೆಜ್ಜೆಯವರೆಗೆ ನಮ್ಮ ಮಾತು ಕೇಳಿಸಿಕೊಳ್ಳಬಹುದು. ವಾಸನೆ ಗಟ್ಟಿಯಾದಂತೆ ಬಾಲದ ಬೀಸು ಚುರುಕಾಗಿ ಕೊನೆಗೆ ನಮ್ಮ ದನಿ ಅದಕ್ಕೆ ಗಾಳಿಯ ಸದ್ದಿಗೆ ಸಮನಾಗುತ್ತದೆ. ಆದ್ದರಿಂದ ಕಣ್ಣಿನ ನಾಯಿಯನ್ನು ಸಾಕುವವರು ಕ್ಷಣವನ್ನು ಕಾಯಬೇಕು, ಮೂಗಿನ ನಾಯಿಯನ್ನು ಸಾಕುವವರು ಆಳವನ್ನು ಅಳೆಯುತ್ತಿರಬೇಕು.

ಕರೆದಾಗ ಬಾರದ ನಾಯಿಯನ್ನು ಮೊಂಡು, ದಡ್ಡ, ಸೊಕ್ಕಿನದು ಎನ್ನುವುದು ವಾಡಿಕೆ. ಒಳಗೆ ನಡೆಯುವುದೇ ಬೇರೆ. ತೋಳದಿಂದ ಬಂದ ಬೇಟೆಯ ನಡವಳಿಕೆ ಒಂದು ಸರಪಳಿಯಂತಿದೆ: ಗುರುತಿಸುವುದು, ದಿಟ್ಟಿಸುವುದು, ಹೊಂಚುವುದು, ಅಟ್ಟಿಸಿಕೊಂಡು ಹೋಗುವುದು, ಹಿಡಿಯುವುದು, ಕೊಲ್ಲುವುದು, ಹರಿದು ತಿನ್ನುವುದು. ಅಮೆರಿಕದ ಜೀವವಿಜ್ಞಾನಿ ರೇಮಂಡ್ ಕೊಪಿಂಜರ್ ವಿವರಿಸಿದಂತೆ, ಮನುಷ್ಯ ತನಗೆ ಬೇಕಾದ ಕೆಲಸಕ್ಕೆ ತಕ್ಕಂತೆ ಈ ಸರಪಳಿಯ ಒಂದೊಂದು ಕೊಂಡಿಯನ್ನು ಒಂದೊಂದು ತಳಿಯಲ್ಲಿ ಬಲಪಡಿಸಿದ, ಉಳಿದವನ್ನು ಸಡಿಲಿಸಿದ. ಕುರಿ ಕಾಯುವ ಬಾರ್ಡರ್ ಕಾಲಿಯಲ್ಲಿ ದಿಟ್ಟಿಸುವುದು ಮತ್ತು ಹೊಂಚುವುದು ಬಲವಾಗಿವೆ, ಕೊಲ್ಲುವ ಕೊಂಡಿ ಸಡಿಲವಾಗಿದೆ. ನಮ್ಮ ಓಡುವ ನಾಯಿಗಳಲ್ಲಿ ಅಟ್ಟಿಸಿಕೊಂಡು ಹೋಗುವ ಕೊಂಡಿಯನ್ನು ತಲೆಮಾರುಗಳಿಂದ ಹದಗೊಳಿಸಲಾಗಿದೆ. ಹಿಂದಿನ ತಲೆಮಾರು ಯಾವುದಕ್ಕೆ ಮೆಚ್ಚಿ ಹೊಟ್ಟೆ ತುಂಬ ಉಣ್ಣಲು ಕೊಟ್ಟಿತೋ ಅದಕ್ಕೇ ನಾವು ಬೈಯುತ್ತಿದ್ದೇವೆ.

ಗಮನಿಸಬೇಕಾದ ಇನ್ನೊಂದು ಸಂಗತಿ, ಓಟಕ್ಕೆ ಪ್ರತಿಫಲ ಬೇಕಿಲ್ಲ ಎಂಬುದು. ಹತ್ತು ಬಾರಿ ಮೊಲದ ಹಿಂದೆ ಓಡಿ ಹತ್ತೂ ಬಾರಿ ಬರಿಗೈಯಲ್ಲಿ ಬಂದ ನಾಯಿ ಹನ್ನೊಂದನೆಯ ಬಾರಿಯೂ ಅಷ್ಟೇ ಹುರುಪಿನಿಂದ ಓಡುತ್ತದೆ. ನರವಿಜ್ಞಾನಿ ಜಾಕ್ ಪ್ಯಾಂಕ್ಸೆಪ್ ಅವರು ಸಸ್ತನಿಗಳ ಮಿದುಳಿನಲ್ಲಿ ಹುಡುಕಾಟವನ್ನು ಪ್ರೇರೇಪಿಸುವ ವ್ಯವಸ್ಥೆಯೊಂದನ್ನು ಗುರುತಿಸಿದರು. ಡೋಪಮೈನ್ ಅದರ ಮುಖ್ಯ ರಾಸಾಯನಿಕ. ಸಿಕ್ಕ ಮೇಲಿನ ಸುಖಕ್ಕಿಂತ ಸಿಕ್ಕೀತೆಂಬ ನಿರೀಕ್ಷೆಯಲ್ಲಿಯೇ ಅದು ಹೆಚ್ಚು ಚುರುಕಾಗಿರುತ್ತದೆ. ಲಾಟರಿ ಟಿಕೆಟಿನ ಅಂಗಡಿಯ ಮುಂದೆ ನಿಂತವರನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಓಡುತ್ತಿರುವ ನಾಯಿಗೆ ನಮ್ಮ ಕೈಯ ಬಿಸ್ಕತ್ತು ಯಾವ ಲೆಕ್ಕಕ್ಕೂ ಇಲ್ಲ. ಅದರ ಬಾಯಿಗೆ ಆಗಲೇ ಬೇರೆ ಊಟ ಬಿದ್ದಿದೆ. ಬಿಸ್ಕತ್ತಿಗೆ ಬೆಲೆ ಬರುವುದು ಓಟಕ್ಕೆ ಮುಂಚೆ, ಅದೂ ತಿಂಗಳುಗಟ್ಟಲೆ ಕಟ್ಟಿಕೊಂಡ ಅಭ್ಯಾಸದ ಮೂಲಕ.

ಆ ಅಭ್ಯಾಸದ ಮೊದಲ ಕೆಲಸ ಹೊಸದೊಂದು ಕರೆಯನ್ನು ಆರಿಸಿಕೊಳ್ಳುವುದು. ಬಹುತೇಕ ಮನೆಗಳಲ್ಲಿ ‘ಬಾ’ ಎಂಬ ಮಾತು ಸವೆದುಹೋಗಿರುತ್ತದೆ. ಸ್ನಾನಕ್ಕೆ ಬಾ, ಔಷಧಿಗೆ ಬಾ, ಆಟ ಸಾಕು ಬಾ, ಸರಪಳಿಗೆ ಬಾ ಎಂದು ಪ್ರತಿದಿನ ಕೇಳಿದ ನಾಯಿಗೆ ಆ ಮಾತಿನ ಅರ್ಥ ‘ಸುಖ ಮುಗಿಯಿತು’ ಎಂದೇ ಆಗಿರುತ್ತದೆ. ಮನೆಯಲ್ಲಿ ಮಕ್ಕಳನ್ನು, ಹಾಲಿನವರನ್ನು, ಅತ್ತಿಗೆಯನ್ನು ಕರೆಯುವಾಗಲೂ ಅದೇ ‘ಬಾ’ ಬಳಕೆಯಾಗುವುದರಿಂದ ಅದು ಬರೀ ಸದ್ದಾಗಿಯೂ ಹೋಗಿರುತ್ತದೆ. ಆದ್ದರಿಂದ ದಿನಬಳಕೆಯಲ್ಲಿಲ್ಲದ ಒಂದು ಪದವನ್ನೋ ಸೀಟಿಯ ಸದ್ದನ್ನೋ ಆರಿಸಿಕೊಳ್ಳುವುದು ಒಳ್ಳೆಯದು. ನನಗೆ ಸೀಟಿಯೇ ಮೇಲು. ಅದು ದೂರ ಕೇಳುತ್ತದೆ, ಮನೆಯಲ್ಲಿ ಯಾರು ಊದಿದರೂ ಒಂದೇ ಬಗೆಯಾಗಿರುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಅದರಲ್ಲಿ ಸಿಟ್ಟು ಮತ್ತು ಗಾಬರಿ ಕೇಳಿಸುವುದಿಲ್ಲ. ಮೊಲ ಎದ್ದಾಗ ನಮ್ಮ ಗಂಟಲಿನಿಂದ ಹೊರಡುವ ಕೀರಲು ದನಿ ಅಂಗಳದಲ್ಲಿ ಕಲಿಸಿದ ಇಂಪಾದ ದನಿಯನ್ನು ಹೋಲುವುದೇ ಇಲ್ಲ. ಒಂದೇ ಎಚ್ಚರಿಕೆ: ಬೆಳಗ್ಗೆ ಎಂಟರ ಹೊತ್ತಿಗೆ ಸುತ್ತಲಿನ ಹತ್ತು ಅಡುಗೆಮನೆಯಿಂದ ಕುಕ್ಕರು ಮೂರು ಮೂರು ಕೂಗು ಹಾಕುವ ಅಪಾರ್ಟ್‌ಮೆಂಟಿನಲ್ಲಿರುವವರು ಉದ್ದನೆಯ ಒಂದೇ ಊದಿಗೆ ಬದಲಾಗಿ ಪುಟ್ಟದಾಗಿ, ಒಂದರ ಹಿಂದೆ ಒಂದರಂತೆ ನಾಲ್ಕು ಬಾರಿ ಊದುವ ಪದ್ಧತಿ ಇಟ್ಟುಕೊಳ್ಳುವುದು ಕ್ಷೇಮ.

ಆರಂಭದಲ್ಲಿ ಸೀಟಿ ಊದಿ ನಾಯಿಯನ್ನು ಬರಹೇಳುವುದೇ ಬೇಡ. ನಾಯಿ ಕಾಲ ಬಳಿಯೇ ಇರುವಾಗ ಊದುವುದು, ಮರುಕ್ಷಣ ಬಾಯಿಗೆ ಕೊಡುವುದು. ದಿನಕ್ಕೆ ಹತ್ತು ಹದಿನೈದು ಬಾರಿಯಂತೆ ಒಂದೆರಡು ವಾರ ಇಷ್ಟೇ. ರಷ್ಯದ ವಿಜ್ಞಾನಿ ಪಾವ್ಲೋವ್ ತೋರಿಸಿಕೊಟ್ಟ ತತ್ವ ಇದು. ಸದ್ದು ಕೇಳಿದೊಡನೆ ಯೋಚನೆಗೂ ಮುಂಚೆ ಬಾಯಲ್ಲಿ ನೀರೂರಬೇಕು. ಕೊಡುವ ತಿನಿಸು ಬೇರೆ ಯಾವ ಹೊತ್ತಿನಲ್ಲೂ ಸಿಗದಂಥದಾಗಿರಬೇಕು: ಬೇಯಿಸಿದ ಕೋಳಿಯ ಲಿವರ್, ಒಣಮೀನಿನ ಚೂರು, ಮೊಟ್ಟೆ, ಪನೀರು. ಈರುಳ್ಳಿ ಬಿದ್ದ ಸಾರಿನ ಮಾಂಸ, ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ, ಅವು ಬೇಡ. ಒಂದೇ ತುಂಡು ಕೊಟ್ಟು ಮುಗಿಸದೆ, ಪುಟ್ಟ ಪುಟ್ಟ ಎಂಟು ಹತ್ತು ಚೂರುಗಳನ್ನು ಒಂದಾದ ಮೇಲೊಂದರಂತೆ ಅರ್ಧ ನಿಮಿಷದವರೆಗೆ ಕೊಡುವುದು ಹೆಚ್ಚು ಪರಿಣಾಮಕಾರಿ. ಅಳತೆಗಿಂತ ಹೆಚ್ಚಾಗಿ ಅದು ಎಷ್ಟು ಹೊತ್ತು ನಡೆಯುತ್ತದೆ ಎಂಬುದೇ ನಾಯಿಯ ನೆನಪಿನಲ್ಲಿ ಉಳಿಯುವಂತೆ ನನಗೆ ತೋರಿದೆ.

ಕೊಡುವಾಗ ಇನ್ನೊಂದು ಕೈ ಕೊರಳಪಟ್ಟಿಯ ಮೇಲಿರಲಿ. ಇದು ಸಣ್ಣ ವಿಷಯದಂತೆ ಕಾಣುತ್ತದೆ, ಅಲ್ಲ. ಕರೆದರೆ ಬರುವ, ಆದರೆ ಕೈಗೆ ಸಿಗದೆ ಎರಡು ಮಾರು ದೂರದಲ್ಲೇ ಕುಣಿಯುವ ನಾಯಿಗಳು ಬೇಕಾದಷ್ಟಿವೆ. ಚೂರನ್ನು ಚಾಚಿದ ಕೈಯಿಂದ ಕೊಡುವ ಬದಲು ನಮ್ಮ ಎರಡು ಪಾದಗಳ ನಡುವೆ ಹಾಕಿ, ಅದು ತಿನ್ನುತ್ತಿರುವಾಗ ಮೆಲ್ಲನೆ ಪಟ್ಟಿ ಹಿಡಿದು, ಮತ್ತೊಂದು ಚೂರು ಕೊಟ್ಟು, ಪಟ್ಟಿ ಬಿಟ್ಟುಬಿಡಬೇಕು. ಬಿಡುವುದು ಮುಖ್ಯ. ಹತ್ತು ಬಾರಿ ಕರೆದರೆ ಒಂಬತ್ತು ಬಾರಿಯಾದರೂ ತಿಂದಾದ ಮೇಲೆ ‘ಹೋಗು’ ಎಂದು ಮತ್ತೆ ಆಟಕ್ಕೆ ಕಳುಹಿಸಿದ ನಾಯಿಗೆ, ಬರುವುದರಿಂದ ಕಳೆದುಕೊಳ್ಳುವುದೇನೂ ಇಲ್ಲ ಎಂಬ ನಂಬಿಕೆ ಮೂಡುತ್ತದೆ.

ಕರೆಯನ್ನು ಕೆಡಿಸುವ ಬಗೆಗಳೂ ಕೆಲವಿವೆ, ಅವುಗಳಲ್ಲಿ ಅತ್ಯಂತ ಸಾಮಾನ್ಯವಾದದ್ದು ಒಂದೇ ಉಸಿರಿಗೆ ಏಳು ಬಾರಿ ಕರೆಯುವುದು. ನಾಯಿ ಬರಲಾರದು ಎಂದು ನಮಗೇ ಅನ್ನಿಸಿದಾಗ ಕರೆಯಬಾರದು. ಹತ್ತಿರ ಹೋಗಿ ಹಗ್ಗ ಹಿಡಿಯಬೇಕು. ಕೇಳಿಯೂ ಬಾರದೆ ಇದ್ದ ಪ್ರತಿಯೊಂದು ಸಲವೂ ಆ ಸದ್ದಿಗೆ ಅರ್ಥವಿಲ್ಲ ಎಂಬ ಪಾಠವನ್ನೇ ನಾವು ಹೇಳಿಕೊಟ್ಟಂತಾಗುತ್ತದೆ. ತಡವಾಗಿ ಬಂದ ನಾಯಿಗೆ ಹೊಡೆಯುವುದಂತೂ ಇದಕ್ಕಿಂತ ದೊಡ್ಡ ಹಾನಿ. ಅದರ ಲೆಕ್ಕದಲ್ಲಿ ಏಟು ಬಿದ್ದದ್ದು ಓಡಿಹೋದುದಕ್ಕಲ್ಲ, ಬಂದದ್ದಕ್ಕೆ.

ಅಂಗಳದಲ್ಲಿ ಗಟ್ಟಿಯಾದ ಕರೆ ಬೀದಿಯಲ್ಲಿ ಇಲ್ಲವಾಗುತ್ತದೆ, ಬೀದಿಯಲ್ಲಿ ಗಟ್ಟಿಯಾದದ್ದು ಹೊಲದಲ್ಲಿ ಇಲ್ಲವಾಗುತ್ತದೆ. ನಾಯಿಗಳು ಕಲಿತದ್ದನ್ನು ಜಾಗದೊಂದಿಗೆ ಸೇರಿಸಿಯೇ ಕಲಿಯುತ್ತವೆ. ಆದ್ದರಿಂದ ಪಡಸಾಲೆ, ಹಿತ್ತಲು, ಸಂಜೆಯ ಖಾಲಿ ಶಾಲಾ ಮೈದಾನ, ಕೆರೆ ಏರಿ, ದೂರದಲ್ಲಿ ಕುರಿಮಂದೆ ಕಾಣುವ ಬಯಲು, ಹೀಗೆ ಹಂತಹಂತವಾಗಿ ಹೋಗಬೇಕು. ಪ್ರತಿ ಹೊಸ ಜಾಗದಲ್ಲಿ ಮೊದಲ ಪಾಠದಿಂದಲೇ ಆರಂಭಿಸಬೇಕು. ಈ ದಾರಿಯುದ್ದಕ್ಕೂ ನಾಯಿಯ ಮೈಮೇಲೆ ಇರಬೇಕಾದದ್ದು ಉದ್ದನೆಯ ಹಗ್ಗ.

ಹಗ್ಗದ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಹೆಚ್ಚಿನ ಪೆಟ್ಟುಗಳು ಆಗುವುದು ಇಲ್ಲಿಯೇ. ಹತ್ತು ಮೀಟರ್ ಉದ್ದದ, ನೀರು ಹೀರದ, ಚಪ್ಪಟೆಯಾದ ಪಟ್ಟಿ ಉತ್ತಮ. ಬಾವಿಗೆ ಬಳಸುವ ನೈಲಾನ್ ಹಗ್ಗ ಕೈಯನ್ನು ಸೀಳುತ್ತದೆ. ಉದ್ದನೆಯ ಹಗ್ಗ ಯಾವುದೇ ಇರಲಿ, ಅದನ್ನು ಕೊರಳಪಟ್ಟಿಗೆ ಎಂದಿಗೂ ಕಟ್ಟಬಾರದು. ಎದೆ ಮತ್ತು ಬೆನ್ನನ್ನು ಸುತ್ತಿಬರುವ ಹಾರ್ನೆಸ್ಸಿನ ಬೆನ್ನಿನ ಬಳೆಗೆ ಕಟ್ಟಬೇಕು. ಓಡುವ ನಾಯಿ ಹತ್ತು ಮೀಟರನ್ನು ಒಂದೆರಡು ಸೆಕೆಂಡಿನಲ್ಲಿ ಮುಗಿಸಿ ಹಗ್ಗದ ತುದಿ ತಲುಪಿದಾಗ ಕೊರಳಿನ ಮೇಲೆ ಬೀಳುವ ಜಗ್ಗು ಅದರ ಕತ್ತಿನ ಎಲುಬನ್ನೇ ಘಾಸಿಗೊಳಿಸಬಲ್ಲದು. ಇದಲ್ಲದೆ ಮುಧೋಳದ ತಲೆ ಕತ್ತಿಗಿಂತ ಹೆಚ್ಚೇನೂ ದಪ್ಪವಲ್ಲವಾದ್ದರಿಂದ ಸಾಧಾರಣ ಪಟ್ಟಿಯಿಂದ ಅದು ಹಿಮ್ಮುಖವಾಗಿ ನುಣುಚಿಕೊಳ್ಳುವುದೂ ಉಂಟು. ಎಳೆದಾಗ ಮಿತವಾಗಿ ಬಿಗಿಯುವ ಮಾರ್ಟಿಂಗೇಲ್ ಎಂಬ ಪಟ್ಟಿ ಇರುವುದು ಈ ತಲೆಗಳಿಗಾಗಿಯೇ. ಹಗ್ಗವನ್ನು ಅಂಗೈಗೆ ಸುತ್ತಿಕೊಳ್ಳಬಾರದು, ಸುತ್ತಿಕೊಂಡವರ ಬೆರಳು ಮುರಿದದ್ದಿದೆ. ನೆಲದ ಮೇಲೆ ಹರಿಯಲು ಬಿಟ್ಟು, ಪ್ರತಿ ಎರಡು ಮೀಟರಿಗೆ ಒಂದು ಗಂಟು ಹಾಕಿಟ್ಟರೆ ಕಾಲಿನಿಂದ ಮೆಟ್ಟಿ ಹಿಡಿಯಬಹುದು. ಮೆಟ್ಟುವುದು ಕೂಡ ನಾಯಿ ವೇಗ ಪಡೆಯುವ ಮುನ್ನವೇ ಆಗಬೇಕು. ಹಗ್ಗವಿರುವುದು ನಾಯಿಯನ್ನು ಎಳೆದು ತರುವುದಕ್ಕಲ್ಲ, ಕರೆಗೆ ಕಿವುಡಾಗಿ ಓಡುವ ಸುಖವನ್ನು ಅದಕ್ಕೆ ಸಿಗದಂತೆ ಮಾಡುವುದಕ್ಕೆ.

ಹಗ್ಗದ ತಿಂಗಳುಗಳಲ್ಲಿ ಕಲಿಯಬೇಕಾದದ್ದು ನಾಯಿಗಿಂತ ಹೆಚ್ಚಾಗಿ ನಾವು. ನಾಯಿಯ ಮೈ ಓದುವುದನ್ನು ಕಲಿಯಬೇಕು. ಗುರುತಿಸುವ ಕೊಂಡಿಯಿಂದ ಅಟ್ಟಿಸಿಕೊಂಡು ಹೋಗುವ ಕೊಂಡಿಗೆ ದಾಟುವ ನಡುವೆ ಚಿಹ್ನೆಗಳಿವೆ. ಮೊದಲು ನಡಿಗೆ ನಿಲ್ಲುತ್ತದೆ ಅಥವಾ ನಿಧಾನವಾಗುತ್ತದೆ. ಕಿವಿಯ ಬುಡ ಮೇಲಕ್ಕೇರುತ್ತದೆ. ಏದುಸಿರಿಗೆ ತೆರೆದಿದ್ದ ಬಾಯಿ ಮುಚ್ಚುತ್ತದೆ. ಮುಧೋಳದಲ್ಲಿ ನಾನು ಅತ್ಯಂತ ನಂಬುವ ಚಿಹ್ನೆ ಇದು. ಬಾಲ ತಟಸ್ಥವಾಗುತ್ತದೆ, ಕತ್ತು ನೀಳವಾಗುತ್ತದೆ. ಇಲ್ಲಿಯವರೆಗೆ ಕರೆ ಕೇಳಿಸುತ್ತದೆ. ಹಿಂಗಾಲಿನ ತೊಡೆ ಕುಗ್ಗಿ ಮೈಭಾರ ಮುಂದಕ್ಕೆ ವಾಲಿದ ಮೇಲೆ ಕೇಳಿಸುವುದಿಲ್ಲ. ಕಿವಿ ಏಳುವುದಕ್ಕೂ ತೊಡೆ ಕುಗ್ಗುವುದಕ್ಕೂ ನಡುವೆ ಕೆಲವೊಮ್ಮೆ ಮೂರು ಸೆಕೆಂಡು, ಕೆಲವೊಮ್ಮೆ ಅರ್ಧ ಸೆಕೆಂಡು ಇರುತ್ತದೆ. ಫೋನು ನೋಡುತ್ತ ನಾಯಿಯನ್ನು ತಿರುಗಾಡಿಸುವವರಿಗೆ ಈ ಅವಧಿ ಕಾಣಿಸುವುದೇ ಇಲ್ಲ.

ನಾಯಿ ತಾನಾಗಿ ತಿರುಗಿ ನೋಡುವುದನ್ನೂ ಗೌರವಿಸಬೇಕು. ನಡೆಯುತ್ತಿರುವಾಗ ಯಾರೂ ಕರೆಯದೆ ಅದು ಒಮ್ಮೆ ಹಿಂದಿರುಗಿ ನಮ್ಮ ಮುಖ ನೋಡಿದರೆ, ಆ ಪ್ರತಿಯೊಂದು ನೋಟಕ್ಕೂ ಒಂದು ಚೂರು ಸಿಗಲಿ. ಮುಂದೆ ದೂರದಲ್ಲಿ ಏನಾದರೂ ಕಂಡಾಗಲೂ ಕಂಡದ್ದನ್ನು ನಮಗೆ ತಿಳಿಸುವವರಂತೆ ತಿರುಗಿ ನೋಡುವ ಅಭ್ಯಾಸ ಅದಕ್ಕೆ ಅಂಟಿಕೊಳ್ಳುತ್ತದೆ. ಹೊನ್ನಿಯಲ್ಲಿ ಇದು ಬೇರೂರಲು ಹತ್ತಿರ ಹತ್ತಿರ ಒಂದು ವರ್ಷ ಹಿಡಿಯಿತು. ನಡುವೆ ಕಲಿತದ್ದೆಲ್ಲ ಮರೆತಂತೆ ಕಾಣುವ ತಿಂಗಳುಗಳೂ ಬಂದವು. ಎಂಟು ತಿಂಗಳ ಆಸುಪಾಸಿನ ನಾಯಿಗಳು ತಮ್ಮನ್ನು ಸಾಕಿದವರ ಮಾತನ್ನೇ ಐದು ತಿಂಗಳಿದ್ದಾಗಿನದಕ್ಕಿಂತ ಕಡಿಮೆ ಕೇಳುತ್ತವೆ ಎಂದು ಬ್ರಿಟನ್ನಿನ ಸಂಶೋಧಕರು 2020ರಲ್ಲಿ ವರದಿ ಮಾಡಿದ್ದಾರೆ. ಹದಿಹರೆಯ ಎಂಬುದು ಅವುಗಳಿಗೂ ಇದೆ.

ಇಷ್ಟರಿಂದಲೇ ಸಾಲದು ಎಂಬುದು ಬಲವಾದ ಬೇಟೆಬುದ್ಧಿಯ ನಾಯಿಯನ್ನು ಸಾಕಿದವರಿಗೆಲ್ಲ ಗೊತ್ತಿರುತ್ತದೆ. ಓಟದ ಹಸಿವನ್ನು ಲಿವರಿನ ಚೂರಿನಿಂದ ನೀಗಿಸಲಾಗದು, ಓಟದಿಂದಲೇ ನೀಗಿಸಬೇಕು. ಮನಶ್ಶಾಸ್ತ್ರಜ್ಞ ಡೇವಿಡ್ ಪ್ರಿಮ್ಯಾಕ್ 1959ರಲ್ಲಿ ಮಂಡಿಸಿದ ತತ್ವ ಇಲ್ಲಿ ನೆರವಿಗೆ ಬರುತ್ತದೆ: ಪ್ರಾಣಿಯು ತಾನಾಗಿ ಹೆಚ್ಚು ಮಾಡಬಯಸುವ ಕೆಲಸವನ್ನು, ಅದು ಅಷ್ಟಾಗಿ ಮಾಡಬಯಸದ ಕೆಲಸಕ್ಕೆ ಬಹುಮಾನವಾಗಿ ಬಳಸಬಹುದು. ಪಲ್ಯ ತಿಂದರೆ ಹೋಳಿಗೆ ಎಂದು ಮಕ್ಕಳಿಗೆ ಹೇಳುವ ಅಜ್ಜಿಯರಿಗೆ ಇದು ಮೊದಲೇ ತಿಳಿದಿತ್ತು. ಆರಡಿಯ ಬಿದಿರುಕೋಲಿಗೆ ಹಗ್ಗ, ಹಗ್ಗದ ತುದಿಗೆ ಹಳೆಯ ಟವೆಲ್ಲಿನ ತುಂಡು ಅಥವಾ ಕುರಿತುಪ್ಪಳ. ಅದನ್ನು ನೆಲದ ಮೇಲೆ ಹರಿದಾಡಿಸಿದರೆ ಮುಧೋಳಕ್ಕೆ ಅದೇ ಮೊಲ. ಮೊದಲು ಬಟ್ಟೆ ಅಲುಗದೆ ಬಿದ್ದಿರುವಾಗ ಸೀಟಿ. ನಾಯಿ ಬಂದು ಪಟ್ಟಿ ಮುಟ್ಟಿಸಿಕೊಂಡ ಕೂಡಲೇ ಬಹುಮಾನವಾಗಿ ಬಟ್ಟೆಯ ಓಟ. ಅನಂತರ ಬಟ್ಟೆ ಮೆಲ್ಲನೆ ಅಲುಗುತ್ತಿರುವಾಗ ಸೀಟಿ. ಇನ್ನೂ ಕೆಲವು ವಾರಗಳ ಮೇಲೆ, ನಾಯಿ ಬಟ್ಟೆಯ ಕಡೆಗೆ ಹೊರಟ ಮೊದಲೆರಡು ಹೆಜ್ಜೆಯಲ್ಲಿ ಸೀಟಿ, ಅದೇ ಗಳಿಗೆಯಲ್ಲಿ ಬಟ್ಟೆ ಸತ್ತಂತೆ ನಿಲ್ಲಬೇಕು. ಬಿಟ್ಟು ಬಂದರೆ ಬಟ್ಟೆ ಮತ್ತೆ ಜೀವ ಪಡೆಯುತ್ತದೆ. ಬೇಟೆಗೆ ಬೆನ್ನು ಹಾಕಿ ಬರುವುದೇ ಬೇಟೆಯನ್ನು ಪಡೆಯುವ ದಾರಿ ಎಂಬ, ಯಾವ ಮುಧೋಳಕ್ಕೂ ಹುಟ್ಟಿನಿಂದ ಬಾರದ ವಿಚಿತ್ರ ತರ್ಕವನ್ನು ಅದು ಹೀಗೆ ಒಪ್ಪಿಕೊಳ್ಳುತ್ತದೆ. ಬೀಗಲ್ ಸಾಕಿದವರು ಕೋಲಿನ ಬದಲು ಹುಲ್ಲಿನಲ್ಲಿ ವಾಸನೆಯ ಜಾಡು ಎಳೆದು ಇದೇ ಆಟವನ್ನು ಮೂಗಿಗೆ ಹೊಂದಿಸಬಹುದು.

ಈ ಓಟಕ್ಕೆ ಮಿತಿಯಿರಲಿ. ಒಮ್ಮೆಗೆ ಎರಡು ಮೂರು ನಿಮಿಷ ಸಾಕು, ಚೂಪಾದ ತಿರುವುಗಳು ಬೇಡ, ಎಲುಬು ಬಲಿಯುವವರೆಗೆ ಮರಿಗೆ ಈ ಆಟವೇ ಬೇಡ. ಬಯಲುಸೀಮೆಯ ಬೇಸಿಗೆಯಲ್ಲಿ ಪಾಠವೇನಿದ್ದರೂ ಸೂರ್ಯ ಏರುವ ಮುನ್ನ. ಓಟದ ಹುರುಪಿನಲ್ಲಿರುವ ನಾಯಿ ತನಗೆ ಸೆಕೆ ಹತ್ತಿದ್ದನ್ನು ಲೆಕ್ಕಿಸುವುದಿಲ್ಲ, ಬಿಸಿಲಿನ ಹೊಡೆತಕ್ಕೆ ಕುಸಿದು ಬೀಳುತ್ತದೆ.

ವಿದ್ಯುತ್ ಕೊರಳಪಟ್ಟಿಯ ಬಗ್ಗೆ ಕೇಳದವರಿಲ್ಲ. ದೂರದಿಂದ ಗುಂಡಿ ಒತ್ತಿದರೆ ನಾಯಿಯ ಕತ್ತಿಗೆ ಷಾಕ್ ಕೊಡುವ ಈ ಸಾಧನವನ್ನು ವೇಲ್ಸ್ 2010ರಲ್ಲಿ ನಿಷೇಧಿಸಿತು. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕರೆ ಕಲಿಸುವುದರಲ್ಲಿ ಬಹುಮಾನದ ಪದ್ಧತಿಗಿಂತ ಷಾಕ್ ಪಟ್ಟಿಯಿಂದ ಹೆಚ್ಚಿನ ಲಾಭವೇನೂ ಕಂಡುಬರಲಿಲ್ಲ. ಇದಕ್ಕೆ ಎದುರಾಗಿ, ಅಮೆರಿಕದ ಸಂಶೋಧಕರು 2024ರಲ್ಲಿ 19 ನಾಯಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಯಂತ್ರ ಎಳೆಯುವ ಹುಸಿಬೇಟೆಯ ಹಿಂದೆ ಓಡುವುದನ್ನು ಷಾಕ್ ಪಟ್ಟಿಯ ನಾಯಿಗಳು ಬೇಗ ಬಿಟ್ಟವು. ಕೆಲವೇ ದಿನಗಳ ಆ ಅವಧಿಯಲ್ಲಿ ತಿನಿಸಿನಿಂದ ಕಲಿತ ನಾಯಿಗಳು ಬಿಡಲಿಲ್ಲ. ಈ ಎರಡನೆಯ ಫಲಿತಾಂಶವನ್ನು ಮುಚ್ಚಿಡುವುದು ಪ್ರಾಮಾಣಿಕವಲ್ಲ. ಆದರೆ ಅಲ್ಲಿ ಷಾಕ್ ತಗುಲಿದಾಗ ನಾಯಿಗಳು ಕಿರುಚಿದ್ದೂ ದಾಖಲಾಗಿದೆ, ಮತ್ತು ಕೆಲವು ದಿನಗಳಲ್ಲಿ ಓಟ ನಿಲ್ಲಿಸುವುದು ಬೇರೆ, ವರ್ಷಗಟ್ಟಲೆ ಸಂತೋಷದಿಂದ ನಮ್ಮ ಬಳಿಗೆ ಬರುವುದು ಬೇರೆ. ನುರಿಯದ ಕೈಯಲ್ಲಿ ಗುಂಡಿ ಒತ್ತುವ ಸಮಯ ತಪ್ಪಿದರೆ ನಾಯಿ ಆ ನೋವನ್ನು ಪಕ್ಕದಲ್ಲಿ ನಿಂತ ಮಗುವಿಗೋ ಸೀಟಿಯ ಸದ್ದಿಗೋ ಗಂಟು ಹಾಕಿಕೊಳ್ಳಬಹುದು. ನಾನು ಅದನ್ನು ಬಳಸುವುದಿಲ್ಲ, ಬಳಸಿರೆಂದು ಹೇಳುವುದೂ ಇಲ್ಲ.

ಮುಧೋಳದ ನಾಯಿ ತನ್ನ ಸೀಮೆ ಬಿಟ್ಟು ನಗರಗಳಿಗೆ ಬಂದಿರುವ ಈ ಕಾಲದಲ್ಲಿ ಈ ಮಾತುಗಳಿಗೆ ಒಂದು ತುರ್ತು ಇದೆ. ಬೇಡರ ಬಳಿಯಿದ್ದ ಈ ನಾಯಿಗಳಿಗೆ ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಆಶ್ರಯ ಕೊಟ್ಟು ಬೆಳೆಸಿದರು. ಅಂಚೆ ಇಲಾಖೆ 2005ರಲ್ಲಿ ಅದರ ಚಿತ್ರದ ಅಂಚೆಚೀಟಿ ಹೊರಡಿಸಿತು, ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಅದಕ್ಕಾಗಿ ಸಂಶೋಧನಾ ಕೇಂದ್ರವಿದೆ, 2016ರಲ್ಲಿ ಮರಿಗಳು ಸೇನೆಯ ತರಬೇತಿಗಾಗಿ ಮೀರತ್ತಿಗೆ ಹೋದವು, 2020ರಲ್ಲಿ ಪ್ರಧಾನಿಯವರು ‘ಮನ್ ಕೀ ಬಾತ್’ನಲ್ಲಿ ಅದರ ಹೆಸರು ಹೇಳಿದರು. ಕೀರ್ತಿಯ ಬೆನ್ನಿಗೆ ಬೇಡಿಕೆಯೂ ಬಂತು. ಎರಡು ಕೋಣೆಯ ಫ್ಲ್ಯಾಟಿಗೆ ಮರಿಯನ್ನು ತಂದವರು, ವರ್ಷ ತುಂಬುವಷ್ಟರಲ್ಲಿ ಅದು ಪಾರ್ಕಿನ ಬೆಕ್ಕಿನ ಹಿಂದೆ ರಸ್ತೆ ದಾಟಿದಾಗ ಕಂಗಾಲಾಗುತ್ತಾರೆ. ನಗರದಲ್ಲಿ ನನ್ನ ಸಲಹೆ ನೇರವಾದದ್ದು: ವಾಹನ ಓಡಾಡುವ ರಸ್ತೆಯ ಬಳಿ, ಕರೆ ಎಷ್ಟೇ ಗಟ್ಟಿಯಾಗಿದ್ದರೂ, ಹಗ್ಗ ಬಿಚ್ಚಬಾರದು. ನೂರಕ್ಕೆ ತೊಂಬತ್ತೈದು ಬಾರಿ ಬರುವ ನಾಯಿ ಬಾರದಿರುವ ಐದು ಬಾರಿ ಯಾವುವು ಎಂದು ಆರಿಸುವವರು ನಾವಲ್ಲ. ಎತ್ತರದ ಬೇಲಿಯಿರುವ ಜಾಗವನ್ನು ವಾರಕ್ಕೆರಡು ಬಾರಿ ಹುಡುಕಿಕೊಂಡು ಹೋಗುವುದು ತ್ರಾಸದ ಕೆಲಸವೇ ಸರಿ, ಆದರೆ ಈ ತಳಿಯನ್ನು ತರುವ ಮುಂಚೆಯೇ ಆ ತ್ರಾಸವನ್ನು ಲೆಕ್ಕಕ್ಕೆ ಹಿಡಿಯಬೇಕಿತ್ತು.

ಹಳ್ಳಿಯಲ್ಲಿ ವಾಹನದ ಭಯ ಕಡಿಮೆ, ಬೇರೆಯ ಹೊಣೆ ಹೆಚ್ಚು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮೊಲದ ಬೇಟೆಯೂ ಅಪರಾಧ. ನಾಯಿ ಬಿಟ್ಟು ಹಿಡಿಸಿದರೂ ಅದು ಬೇಟೆಯೇ. ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯ ಚಿಂಕಾರ ವನ್ಯಧಾಮ ಮುಧೋಳ ಮತ್ತು ಬೀಳಗಿ ತಾಲ್ಲೂಕುಗಳಲ್ಲಿಯೇ ಇದೆ. ಚಿಂಕಾರ ಜಿಂಕೆಯನ್ನು ಅಟ್ಟಬಲ್ಲ ನಾಯಿಯೂ, ಅಟ್ಟಿಸಿಕೊಳ್ಳಬಾರದ ಚಿಂಕಾರವೂ ಒಂದೇ ತಾಲ್ಲೂಕಿನ ನಿವಾಸಿಗಳು. ಅಂಥ ಜಾಗದ ಅಂಚಿನಲ್ಲಿ, ಕುರಿ ಮರಿ ಹಾಕುವ ದಿನಗಳಲ್ಲಿ, ನವಿಲು ನೆಲದ ಮೇಲೆ ಮೊಟ್ಟೆಗೆ ಕೂತಿರುವ ಮಳೆಗಾಲದಲ್ಲಿ, ಹಗ್ಗ ಕೈಯಲ್ಲೇ ಇರಬೇಕು.

ಇಷ್ಟೆಲ್ಲ ಆದ ಮೇಲೂ ನಾಯಿ ಒಂದು ದಿನ ಕೈ ತಪ್ಪಿ ಓಡಬಹುದು. ಆಗ ಅದರ ಹಿಂದೆ ಓಡಬಾರದು. ಓಡಿದರೆ ಜೊತೆಗೊಬ್ಬರು ಬೇಟೆಗೆ ಬಂದರೆಂದು ಅದಕ್ಕೆ ಹುರುಪು ಹೆಚ್ಚುತ್ತದೆ. ಓಡುತ್ತಿರುವ ಬೆನ್ನಿಗೆ ಸೀಟಿ ಊದಿ ಸೀಟಿಯನ್ನು ಕೆಡಿಸಿಕೊಳ್ಳುವುದೂ ಬೇಡ. ಕಣ್ಣಿನ ನಾಯಿ ಬೇಟೆಯನ್ನು ಕಣ್ತಪ್ಪಿಸಿಕೊಂಡ ಗಳಿಗೆಯಲ್ಲಿ ಗಕ್ಕನೆ ನಿಂತು ತಲೆಯೆತ್ತಿ ಸುತ್ತ ನೋಡುತ್ತದೆ. ಸರಪಳಿ ತುಂಡಾದ ಗಳಿಗೆ ಅದು. ಊದಬೇಕಾದದ್ದು ಆಗ, ಊದಿ ನಾವು ಅದರ ಕಣ್ಣಿಗೆ ಬೀಳುವಂತೆ ಕೈ ಬೀಸಿ ವಿರುದ್ಧ ದಿಕ್ಕಿಗೆ ನಡೆಯಬೇಕು. ಮೂಗಿನ ನಾಯಿಯಾದರೆ ಅದು ಹೊರಟ ಜಾಗದಲ್ಲಿಯೇ ಕಾಯಬೇಕು. ಅನೇಕ ಸಲ ಅದು ತನ್ನದೇ ಜಾಡು ಹಿಡಿದು ಅಲ್ಲಿಗೇ ಬರುತ್ತದೆ. ಕತ್ತಲಾಗಿ ಮನೆಗೆ ಹೋಗಲೇಬೇಕಾದರೆ ತೊಟ್ಟ ಬಟ್ಟೆಯೊಂದನ್ನು, ಒಂದು ಬಟ್ಟಲು ನೀರನ್ನು ಅಲ್ಲಿಟ್ಟು ಬೆಳಗಾಗುವ ಮುನ್ನ ಮರಳಬೇಕು.

ಹೊನ್ನಿಗೆ ಈಗ ಆರು ವರ್ಷ. ಹೋದ ತಿಂಗಳು ಅದೇ ಹೊಲದ ಬದುವಿನಲ್ಲಿ ಹಗ್ಗವನ್ನು ಎಳೆದುಕೊಂಡು ನಡೆಯುತ್ತಿದ್ದಾಗ ಅದರ ಬಾಯಿ ಮುಚ್ಚಿತು. ನನಗೆ ಏನೂ ಕಾಣಲಿಲ್ಲ, ಆದರೂ ಊದಿದೆ. ಕಿವಿ ಒಂದು ಗಳಿಗೆ ಆ ಕಡೆಗೂ ಈ ಕಡೆಗೂ ಆಡಿತು, ಕತ್ತು ಮೊದಲು ತಿರುಗಿತು, ಮೈ ಆಮೇಲೆ ಬಂತು. ಕಾಲ ಬಳಿ ನಿಂತು ಒಣಮೀನು ಅಗಿಯುತ್ತಿರುವಾಗ, ಅದರ ಹಿಂದೆ ನೂರು ಮೀಟರ್ ದೂರದಲ್ಲಿ ತೊಗರಿ ಸಾಲು ಅಲುಗಿ ಮೊಲವೊಂದು ಅವಸರವಿಲ್ಲದೆ ಆಚೆ ಹೊಲಕ್ಕೆ ದಾಟಿತು.